ಮನೆಗೆ ತಕ್ಕ ಮೈಕ್

ಅಪ್ಪ,

ನೀವು ತೀರಿಕೊಂಡ ಮೇಲೆ ನಿಂತುಹೋಗಿದ್ದ ಮಕ್ಕಳ ಕತೆಗಳ ರೆಕಾರ್ಡಿಂಗ್ ಮತ್ತೆ ಶುರುಮಾಡಲೆಂದು ಇವತ್ತು ಹೊಸಂಗಡಿಯಿಂದ ಮೈಕ್ ತಂದೆ. ಅಂಗಡಿಯ ಪ್ರವೀತ್ ಎರಡು ಬಗೆಯವನ್ನು ಮುಂದಿಟ್ಟ.

"ಅಕ್ಕ, ಇದು ಬಾಯಿಯ ಹತ್ತಿರದ ಸ್ವರ ಮಾತ್ರ ಹಿಡಿಯುವುದು. ಅದು ಮನೆಯ ಎಲ್ಲ ಸದ್ದನ್ನೂ ಹಿಡಿಯುತ್ತದೆ, ಆದರೆ ಸ್ವರ ಭಾರೀ ಚಂದ. ಮನೆಯಲ್ಲಿ ಗಲಾಟೆ ಉಂಟಾ?"

ನಾನು ಫೋನಿನಲ್ಲಿ ರೆಕಾರ್ಡ್ ಮಾಡುವಾಗಲೆಲ್ಲ ನೀವು ಬಾಯಿಗೆ ಹೆಗಲ ಮೇಲಿನ ಬೈರಾಸು ಒತ್ತಿ ಕೆಮ್ಮು ತಡೆಯುತ್ತಿದ್ದಿರಿ. ಆದರೂ ನಾನು ಓದು ನಿಲ್ಲಿಸಿ, ಎದ್ದು ಬಂದು ನಿಮ್ಮ ಕೋಣೆಯ ಬಾಗಿಲು ಹಾಕುತ್ತಿದ್ದೆ.

"ಎಂತದೂ ಇಲ್ಲ," ಎಂದೆ. "ಈಗ ನಾನೊಬ್ಬಳೇ."

"ಒಳ್ಳೆಯದೇ ಆಯ್ತಲ್ಲ ಅಕ್ಕ! ಹಾಗಾದರೆ ಎಲ್ಲ ಹಿಡಿಯುವುದನ್ನೇ ಕೊಂಡುಹೋಗಿ."

ಸಂಜೆ ಒಂದು ಕತೆ ಓದಿದೆ. ಎಲ್ಲೂ ನಿಲ್ಲಿಸಬೇಕಾಗಲಿಲ್ಲ. ಒಂದೇ ಸಲಕ್ಕೆ ಮುಗಿಯಿತು, ಅಪ್ಪ.

ಶ್ರೀರಂಜಿನಿ