ಕೊಟ್ಟಿಗೆಯ ನೆರಳು ನೋಡಿ ಬಸ್ಸು ತಪ್ಪಿಸಿದವನಿಗೆ

ತಮ್ಮಾ,

ನೀನು ಹಾಲು ಹಾಕಿ ಬರುವಷ್ಟರಲ್ಲಿ ನಾವು ಹೊರಟಿರುತ್ತೇವೆ. ಕೆಲಸಕ್ಕೆ ರಜೆ ಹಾಕಿ, ಕಣ್ಣಿನ ಪಟ್ಟಿ ಬಿಚ್ಚಿಸಲು ಅಮ್ಮನನ್ನು ನಾನೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಿನ್ನೆ ನಿನ್ನನ್ನು ನಂಬಿದ್ದಕ್ಕೆ ಬಸ್ಸು ತಪ್ಪಿತು. ಪಟ್ಟಿಯೊಳಗೆ ಕಣ್ಣು ಚುಚ್ಚುತ್ತೆ ಅಂತ ಅವಳು ರಾತ್ರಿಯಿಡೀ ನರಳಿದಳು.

ಒಂಬತ್ತರ ಬಸ್ಸು ಕಣೋ ಅಂದರೆ, "ಕೊಟ್ಟಿಗೆ ನೆರಳು ಇನ್ನೂ ತೊಟ್ಟಿ ಮೇಲೇ ಇದೆ ಕಣಕ್ಕಾ, ಬೇಕಾದಷ್ಟು ಹೊತ್ತಿದೆ" ಅಂದೆಯಲ್ಲ ಮಹಾರಾಯ! ಹೋದ ವಾರ ಕೊಟ್ಟಿಗೆಯ ಸೂರನ್ನು ಎರಡು ಮೊಳ ಎತ್ತರಿಸಿದವನು ನೀನೇ. ಸೂರು ಮೇಲೆ ಹೋದರೆ ನೆರಳೂ ಉದ್ದವಾಗುತ್ತೆ, ತೊಟ್ಟಿ ಬಿಟ್ಟು ಸರಿಯುವುದೂ ತಡವಾಗುತ್ತೆ. ಇಷ್ಟೂ ಹೊಳೆಯಲಿಲ್ಲವಾ? ಗೋಡೆ ಗಡಿಯಾರವನ್ನೇನು ಹಲ್ಲಿ ಸಂಸಾರ ಹೂಡಲಿ ಅಂತ ತಂದಿದ್ದಾ?

ಹಸುವಿಗೆ ನೀರಿಡು. ಅಮ್ಮನ ಹಾಸಿಗೆ ಬಿಸಿಲಿಗೆ ಹಾಕು. ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಉಣ್ಣು.

ಸಂಜೆ ಐದಕ್ಕೆ ಬಸ್ ನಿಲ್ದಾಣದಲ್ಲಿ ನಿಂತಿರು. ಗಡಿಯಾರದ ಐದು. ಪಟ್ಟಿ ಬಿಚ್ಚಿಸಿಕೊಂಡು ಇಳಿದ ಕೂಡಲೇ ಅವಳಿಗೆ ನಿನ್ನ ಮುಖ ನೋಡಬೇಕಂತೆ. "ಪಾಪ, ಅವನನ್ನ ಬೈಬೇಡ್ವೇ" ಅಂತ ಎದ್ದಾಗಿನಿಂದ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಅವಳ ಜೊತೆ ಎಷ್ಟು ಬೇಕಾದರೂ ಮಾತಾಡು. ನನ್ನ ಹತ್ತಿರ ಎರಡು ದಿನ ಬಾಯಿ ಬಿಡಬೇಡ.

ಅಕ್ಕ