ಹಾಜರಿಗೆ ಕಡ ತಂದ ಮಕ್ಕಳು

ತಾಲೂಕಿನ ಶಿಕ್ಷಣಾಧಿಕಾರಿಗಳಾದ ಮಾನ್ಯರೇ,

ಹಳ್ಳದಾಚೆಯ ನಮ್ಮ ಕುರಿಗಾರರ ಓಣಿಯ ಒಂದು ಕೋಣೆಯ ಶಾಲೆಯನ್ನು ಬರುವ ಜೂನ್‌ನಿಂದ ಮುಚ್ಚಲು ಆದೇಶಿಸಿದ್ದೀರಿ. ಈ ಓಣಿಯವರಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲವಂತೆ. ಆಧಾರವೇನು? ಊರ ದೊಡ್ಡ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ! ಅದರಲ್ಲಿ ಹೆಸರುವಾಸಿ ಹಳೆಯ ವಿದ್ಯಾರ್ಥಿಗಳು ನಲವತ್ತೊಂದು ಜನ: ವಕೀಲರು, ಡಾಕ್ಟರರು, ಒಬ್ಬ ನ್ಯಾಯಾಧೀಶರು. ನಮ್ಮ ಓಣಿಯವರು ಒಬ್ಬರೂ ಇಲ್ಲ. ಎಂಥ ಸಂಶೋಧನೆ, ಸಾಹೇಬರೇ! ಬಾಗಿಲ ಹೊರಗೆ ನಿಲ್ಲಿಸಿದವರನ್ನು ಒಳಗೆ ಹುಡುಕಿ, ಸಿಗಲಿಲ್ಲವೆಂದು ಷರಾ ಬರೆದಿದ್ದೀರಿ.

ಸಂಚಿಕೆಯ ಹದಿನಾಲ್ಕನೆಯ ಪುಟ ತೆರೆಯಿರಿ. ೧೯೩೮ರಲ್ಲಿ ತಪಾಸಣೆಗೆ ಬಂದ ಸಾಹೇಬರ ಮುಂದೆ ಮೂರನೆಯ ಇಯತ್ತೆಯ ಶಂಭುಲಿಂಗಪ್ಪ ಮುಕ್ಕಾಲರ ಮಗ್ಗಿಯನ್ನು ಎಲ್ಲೂ ತಡವರಿಸದೆ ಹೇಳಿ ಶಾಬಾಸ್ ಅನ್ನಿಸಿಕೊಂಡನೆಂದಿದೆ. ಮಗ್ಗಿ ಹೇಳಿದ್ದು ಖರೆ. ಹೇಳಿದವನು ನಾನು.

ಹಾಜರಿ ಕಡಿಮೆ ಬಿದ್ದರೆ ಮಾಸ್ತರರ ನೌಕರಿಗೇ ಕುತ್ತು. ಹೀಗಾಗಿ ತಪಾಸಣೆಯ ದಿನ ಅವರು ನಮ್ಮ ಓಣಿಯ ಮಕ್ಕಳನ್ನು ಕರೆದೊಯ್ದು, ಬಾರದವರ ಜಾಗದಲ್ಲಿ ಕೂಡಿಸಿ, ಅವರ ಹೆಸರಿಗೆ ಹಾಜರ್ ಅನ್ನಿಸುತ್ತಿದ್ದರು. ಅಂದು ಶಂಭುಲಿಂಗಪ್ಪ ಅಣ್ಣಿಗೇರಿಗೆ ಮದುವೆಗೆ ಹೋಗಿದ್ದ. ನನಗೋ, ಶಾಲೆಯ ಬಾಜು ಕುರಿ ಬಿಟ್ಟುಕೊಂಡು ಕಿಡಕಿಯ ಕೆಳಗೆ ಕೂತು ಕೂತು ಮಗ್ಗಿಗಳೆಲ್ಲ ಬಾಯಿಪಾಠವಾಗಿದ್ದವು. ಸಾಹೇಬರ ಕುದುರೆ ಊರು ದಾಟಿದ್ದೇ ತಡ, ಮಾಸ್ತರರು, “ಸಾಕಲೇ, ಏಳಿನ್ನ, ಕುರಿ ಹೊಲಾ ಹೊಕ್ಕಾವು,” ಅಂದರು. ಎದ್ದು ಬಂದೆ. ಅಕ್ಷರ ತಿದ್ದಿದ್ದು ಹತ್ತೊಂಬತ್ತನೆಯ ವಯಸ್ಸಿಗೆ, ಹುಬ್ಬಳ್ಳಿಯ ಗಿರಣಿ ಕೆಲಸಗಾರರ ಸಂಜೆ ಶಾಲೆಯಲ್ಲಿ. ಶಂಭುಲಿಂಗಪ್ಪನವರ ಮೇಲೆ ನನಗೆ ಸಿಟ್ಟಿಲ್ಲ. ಅಗದಿ ಒಳ್ಳೆಯ ವಕೀಲರು. ಅವರಿಗೆ ಈ ಸಂಗತಿ ಗೊತ್ತೂ ಇರಲಿಕ್ಕಿಲ್ಲ.

ಅದು ಬ್ರಿಟಿಷರ ಕಾಲದ ಮಾತು ಎನ್ನುವಿರೇನು? ಕಳೆದ ಸೋಮವಾರ ಶತಮಾನೋತ್ಸವಕ್ಕೆ ತಾವು ಚಿತ್ತೈಸಿದಿರಿ. ತಮ್ಮ ಕಣ್ಣಿಗೆ ಬೆಂಚು ಖಾಲಿ ಕಾಣಬಾರದೆಂದು ಹಿಂದಿನ ದಿನವೇ ಹೆಡ್‌ಮಾಸ್ತರರು ನಮ್ಮ ಓಣಿಗೆ ಬಂದಿದ್ದರು. ಮೊಮ್ಮಗಳು ರೇಣುಕವ್ವನನ್ನು ಕಳಿಸುವುದಿಲ್ಲವೆಂದು ಖಡಾಖಂಡಿತ ಹೇಳಿದೆ. ಅವಳು ನನ್ನ ಧೋತರ ಜಗ್ಗಿ, “ಅಜ್ಜಾ, ಅಲ್ಲಿ ಬೆಂಚ ಅದಾವಂತ. ಒಂದ ದಿನಾ ಕುಂತ ಬರ್ತೇನಿ,” ಅಂದಳು. ಕಳಿಸಿಬಿಟ್ಟೆ. ಆ ತಪ್ಪು ನನ್ನದು, ಅದಕ್ಕಾಗಿ ನಾಚಿಕೆಪಡುತ್ತೇನೆ.

ನಾಲ್ಕನೆಯ ಇಯತ್ತೆಯಲ್ಲಿ ಪಾಠ ಓದಿದ ಹುಡುಗಿಯ ತಲೆ ಸವರಿ, “ನೀಲಕ್ಕಾ, ನಿನ್ನಂಥವರೇ ಈ ಶಾಲೆಯ ಕೀರ್ತಿ,” ಎಂದಿರಲ್ಲ? ನಿಜವಾದ ನೀಲಕ್ಕ ಅಂದು ಗೈರುಹಾಜರು. ಓದಿದವಳು ರೇಣುಕವ್ವ. ಅವಳಿಗೆ ಓದು ಕಲಿಸಿದ್ದು ತಾವು ಮುಚ್ಚಲು ಹೊರಟ ಆ ಒಂದು ಕೋಣೆ. ಅದಿಲ್ಲವಾದರೆ ದೊಡ್ಡ ಶಾಲೆಗೆ ಎರಡು ಮೈಲಿ ಕಾಲು ಹುಗಿಯುವ ಎರಿ ಮಣ್ಣು, ನಡುವೆ ಹಳ್ಳ. ಮಳೆಗಾಲದಲ್ಲಿ ತುಂಬಿದ ಹಳ್ಳಕ್ಕೆ ಯಾವ ತಾಯಿ ಎಂಟು ವರ್ಷದ ಮಗಳನ್ನು ಇಳಿಸುತ್ತಾಳೆ? ಜೂನ್‌ನಲ್ಲಿ ರೇಣುಕವ್ವನ ಕೈಗೆ ಕುರಿ ಕಾಯುವ ಕೋಲು ಬರುತ್ತದೆ, ಮಾನ್ಯರೇ.

ಆದೇಶವನ್ನು ಹಿಂದಕ್ಕೆ ಪಡೆಯಿರಿ. ಆಗದಿದ್ದರೆ ಶಾಲೆಗೆ ಕೀಲಿ ಹಾಕಲು ಸಿಪಾಯಿಯನ್ನು ಕಳಿಸದೆ ತಾವೇ ಬರ್ರಿ. ಅಂದು ಮನೆಗೆ ಬಂದ ರೇಣುಕವ್ವ ನನ್ನನ್ನು, “ಅಜ್ಜಾ, ಸಾಹೇಬರು ಹೊಗಳಿದ್ದು ನನಗೋ, ನೀಲಕ್ಕಗೋ?” ಎಂದು ಕೇಳಿದಳು. “ಸಾಹೇಬರನ್ನ ಕೇಳ್ತೇನಿ,” ಅಂದೆ. ಅವಳನ್ನು ಎದುರಿಗೆ ಕರೆದು ತಾವೇ ಹೇಳಿ, ಆಮೇಲೆ ಕೀಲಿ ಹಾಕಿರಿ.

ಇಂತಿ,
ತಮ್ಮ ಶಾಲೆಯಲ್ಲಿ ಒಂದೇ ದಿನ, ಅದೂ ಇನ್ನೊಬ್ಬರ ಹೆಸರಿನಲ್ಲಿ ಓದಿದ
ಬೀರಲಿಂಗಪ್ಪ
ನವಲಗುಂದ ತಾಲೂಕು, ಫೆಬ್ರುವರಿ ೧೯೮೬