ಬಿಟ್ಟುಕೊಟ್ಟ ಕಾಲಾಳು

ಮಾರ್ಚ್ 3, ಮಂಗಳವಾರ
ಇಡೀ ದಿನ ಅಂಗಡಿಯಲ್ಲಿ ಕನ್ನಡಕ ಒರೆಸಿದ್ದೇ ಬಂತು. ಸಂಜೆ ಅಣ್ಣನ ಜೊತೆ ಮತ್ತೆ ಚೆಸ್ ಬೋರ್ಡಿನ ಮುಂದೆ. ಭಾನುವಾರ ಕ್ಲಬ್ ಫೈನಲ್. ಗೆದ್ದವರಿಗೆ ತಂಡದಲ್ಲಿ ಜಾಗ — ಆರು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದೇನೆ. ಎದುರಾಳಿ ಹಲ್ಲಿನ ಡಾಕ್ಟರಮ್ಮ.
ನನ್ನದು ಗ್ಯಾಂಬಿಟ್. ಶುರುವಿಗೇ ಒಂದು ಕಾಲಾಳು ಬಿಟ್ಟುಕೊಡುವುದು, ಆಮೇಲೆ ಕುದುರೆಯನ್ನೂ. ಆಸೆಬಿದ್ದು ತಿಂದರೆ ಅವಳ ರಾಜ ಬಯಲಿಗೆ. ಒಂದೇ ತೂತು — ತಿಂದ ಮೇಲೆ ಅವಳು ತನ್ನ ರಾಣಿಯನ್ನು ಒಂದು ಮನೆ ಹಿಂದಕ್ಕೆ ಸರಿಸಿದರೆ ನನ್ನ ಕಥೆ ಮುಗಿಯಿತು. ಆ ತೂತು ಕಂಡುಹಿಡಿದವನು ಅಣ್ಣನೇ. ಯಾರಿಗೂ ಹೊಳೆಯಲ್ಲ ಬಿಡು ಅಂದ.
ಪಾಪ, ಅವನ ಹಲ್ಲುನೋವು ಇನ್ನೂ ಹೋಗಿಲ್ಲ. ನಾಳೆ ಮತ್ತೆ ಅವಳ ಕ್ಲಿನಿಕ್ಕಿಗೆ. ಹಾಗೇ ಗೂಢಚಾರಿಕೆ ಮಾಡ್ಕೊಂಡು ಬಾ ಅಂದೆ. ನಗಲಿಲ್ಲ.

ಮಾರ್ಚ್ 8, ಭಾನುವಾರ, ಸಂಜೆ
ಫೈನಲ್ ಮುಗಿಸಿ ಈಗಷ್ಟೇ ಬಂದೆ.
ಕಾಲಾಳು ಕೊಟ್ಟೆ, ತಿಂದಳು. ಕುದುರೆ ಕೊಟ್ಟೆ, ಅದನ್ನೂ ತಿಂದಳು. ಒಳಗೊಳಗೇ ಹಿಗ್ಗಿದೆ. ಆಮೇಲೆ... ಯೋಚಿಸಲೇ ಇಲ್ಲ ಅವಳು. ರಾಣಿ ಒಂದು ಮನೆ ಹಿಂದಕ್ಕೆ. ಅದೇ ತೂತು.
ಯಾವ ಮ್ಯಾಚಾದರೂ ಅಣ್ಣ ನಿಲ್ಲುವುದು ನನ್ನ ಕುರ್ಚಿಯ ಹಿಂದೆ. ತಿರುಗಿದೆ. ಇರಲಿಲ್ಲ. ದೂರ, ಬಾಗಿಲ ಹತ್ತಿರ, ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.
ಸೋತೆ.

ಮಾರ್ಚ್ 9
ಅಣ್ಣನನ್ನು ಕೇಳಿಯೇಬಿಟ್ಟೆ. ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದೆ. ಹೇಳಿದ್ದರೇ ಚೆನ್ನಾಗಿತ್ತು.
ಹಲ್ಲು ವಾಸಿಯಾಗಿ ಎಷ್ಟೋ ಕಾಲವಾಯಿತಂತೆ. ಡಾಕ್ಟರಮ್ಮನ ಜೊತೆ ಮದುವೆಯ ಮಾತೂ ಆಗಿದೆಯಂತೆ. ಅವಳೇನೂ ಕೇಳಿರಲಿಲ್ಲ. ಇವನೇ ಆ ರಾಣಿಯ ನಡೆ ತೋರಿಸಿದ್ದು — ನನ್ನ ತಯಾರಿ ಅಂತ ಹೇಳದೆ, ಯಾವುದೋ ಹಳೇ ಆಟ ಅಂತ.
"ಅವಳು ಗೆಲ್ಲಲಿ ಅನ್ನಿಸ್ತು ಕಣೇ," ಅಂದ. "ಯಾಕೆ ಅಂತ ನಂಗೂ ಗೊತ್ತಿಲ್ಲ."
ಮನೆಗೆ ಮಾರಿ, ಊರಿಗೆ ಉಪಕಾರಿ. ನಮ್ಮಣ್ಣ! ಸೈಕಲ್ ಕಲಿಸಿದವನು, ಚೆಸ್ ಕಲಿಸಿದವನು...

ಮಾರ್ಚ್ 22, ಭಾನುವಾರ
ಡಾಕ್ಟರಮ್ಮ ಮನೆಗೆ ಬಂದಿದ್ದಾಳೆ. ಅತ್ತಿಗೆ ಅನ್ನಬೇಕೆಂದು ಅಮ್ಮನ ಅಪ್ಪಣೆ. ಅಣ್ಣ ನಿನ್ನೆ ಅವಳಿಗೆ ಎಲ್ಲ ಹೇಳಿದ್ದಾನೆ. ಅವಳ ಕಣ್ಣು ಕೆಂಪಗಿವೆ.
"ಆ ಆಟ ಲೆಕ್ಕಕ್ಕಿಲ್ಲ. ಇನ್ನೊಂದು ಆಡೋಣ. ನೀವು ಗೆದ್ರೆ ಜಾಗ ನಿಮ್ಮದು," ಅಂದಳು.
ಮೈ ಉರಿಯಿತು. ಆದರೂ ಕೂತೆ. ಹಠಕ್ಕೆ ಅದೇ ಗ್ಯಾಂಬಿಟ್. ಕಾಲಾಳು ಮುಂದಿಟ್ಟೆ. ಅವಳು ಯೋಚಿಸುತ್ತಿದ್ದಾಳೆ, ನಾನು ಇದನ್ನು ಗೀಚುತ್ತಿದ್ದೇನೆ.
ಅಣ್ಣ ಹೊರಗೆ ಬಂದ. ಹಳೇ ಅಭ್ಯಾಸ, ನೆಟ್ಟಗೆ ನನ್ನ ಕುರ್ಚಿಯ ಹಿಂದೆ ನಿಂತ. ಉಸಿರು ಕೇಳಿಸುತ್ತಿದೆ. ತಿರುಗಿ ನೋಡಲ್ಲ, ಖಂಡಿತ ನೋಡಲ್ಲ.
ಹೆಜ್ಜೆ ಸದ್ದು. ಮೆಲ್ಲಗೆ ಮೇಜು ಸುತ್ತಿ, ಅವಳ ಕುರ್ಚಿಯ ಕಡೆಗೆ —